ಒಂಟೆಯ ಮುಂದೆ ಓದಿದ ಅಕ್ಷರಗಳು

ಕನ್ನಡಕ ಒರೆಸುವುದಕ್ಕೆ ಅಂಗಿಯ ಅಂಚಿಗಿಂತ ಕೆಟ್ಟ ವಸ್ತು ಇನ್ನೊಂದಿಲ್ಲವೆಂದು ಬಲ್ಲವರೆಲ್ಲ ಹೇಳುತ್ತಾರೆ. ಅದಕ್ಕಿಂತ ಕೈಗೆ ಹತ್ತಿರವಾದ ವಸ್ತುವೂ ಇನ್ನೊಂದಿಲ್ಲವೆಂಬ ಸತ್ಯವನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕನ್ನಡಕದ ಡಬ್ಬಿಯೊಳಗೆ ಮಡಿಸಿಟ್ಟು ಕೊಡುವ ಆ ಮೃದುವಾದ ಪುಟ್ಟ ವಸ್ತ್ರವಿದೆಯಲ್ಲ, ಅದು ಮದುವೆಯಲ್ಲಿ ಬಂದ ಬೆಳ್ಳಿಯ ಪನ್ನೀರುದಾನಿಯ ಹಾಗೆ, ಮನೆಯಲ್ಲಿದೆ ಎಂಬ ಸಮಾಧಾನಕ್ಕೆ ಇರುವುದೇ ಹೊರತು ಬಳಕೆಗಲ್ಲ. ನನ್ನ ಡಬ್ಬಿ ಯಾವಾಗಲೂ ಮನೆಯಲ್ಲಿ, ಕನ್ನಡಕ ಯಾವಾಗಲೂ ಮೂಗಿನ ಮೇಲೆ, ಧೂಳು ಯಾವಾಗಲೂ ಕನ್ನಡಕದ ಮೇಲೆ. ಕುವೈತಿನಲ್ಲಿ ಧೂಳೆಂಬುದು ಬಂದು ಹೋಗುವ ಅತಿಥಿಯಲ್ಲ, ನಮ್ಮ ಜೊತೆಯಲ್ಲೇ ಸಂಸಾರ ಹೂಡಿರುವ ಸಹನಿವಾಸಿ. ಕಿಟಕಿಯ ಸಂದಿಗೆಲ್ಲ ಟೇಪು ಅಂಟಿಸಿ, ಬಾಗಿಲಿನಡಿಗೆ ಒದ್ದೆ ಟವೆಲು ತುರುಕಿ ಕುಳಿತರೂ ಬೆಳಿಗ್ಗೆ ಸಾರಿನ ಪಾತ್ರೆಯ ಮುಚ್ಚಳದ ಮೇಲೆ ಬೆರಳಿನಿಂದ ಸಹಿ ಮಾಡಬಹುದು. ಹೀಗಾಗಿ ದಿನವಿಡೀ ಅಂಗಿಯ ಅಂಚಿಗೂ ಗಾಜಿಗೂ ನನ್ನ ಕೈ ಓಡಾಡುತ್ತಲೇ ಇರುತ್ತದೆ. ನನ್ನ ಹೆಂಡತಿ ಗಿರಿಜಾ ಒಮ್ಮೆ ಬೇಸತ್ತು, "ಜಪಾ ಮಾಡೋರು ಮಣಿ ತಿರವ್ತಾರ, ನೀವು ಗಾಜು ಒರಸ್ತೀರಿ. ಪುಣ್ಯಾ ಇಬ್ಬರಿಗೂ ಅಷ್ಟಕ್ಕಷ್ಟ" ಎಂದಿದ್ದಳು. ಈಚೆಗಂತೂ ಎಷ್ಟು ಒರೆಸಿದರೂ ಮಬ್ಬು ಪೂರ್ತಿ ಹೋಗುತ್ತಿರಲಿಲ್ಲ. ಅದಕ್ಕೆ ನಾನು ಸಮಸ್ತ ಅರೇಬಿಯಾದ ಮರಳನ್ನೂ ಹೊಣೆಗಾರನನ್ನಾಗಿ ಮಾಡಿ ನಿಶ್ಚಿಂತನಾಗಿದ್ದೆ.

ಇಂಥ ನಾನು ನಮ್ಮ ಬಡಾವಣೆಯಾದ ರಿಗ್ಗೈಯ ಕನ್ನಡದ ಮಕ್ಕಳಿಗೆ ನೇತ್ರರಕ್ಷಣೆಯ ಗುರುವಾಗಿ ನೇಮಕಗೊಂಡದ್ದು ಒಂದು ಹಸಿಮೆಣಸಿನಕಾಯಿಯ ಕೃಪೆಯಿಂದ. ಚಳಿಗಾಲ ಬಂತೆಂದರೆ ನಮ್ಮ ಕಡೆಯ ಕುಟುಂಬಗಳೆಲ್ಲ ಬಸ್ಸು ಮಾಡಿಕೊಂಡು ವಫ್ರಾದ ತೋಟಗಳಿಗೆ ಹೋಗುವ ರೂಢಿ. ಅಲ್ಲಿ ಪ್ಲಾಸ್ಟಿಕ್ ಹೊದಿಸಿದ ಉದ್ದುದ್ದ ಹಸಿರುಮನೆಗಳೊಳಗೆ ಸೌತೆ, ಟೊಮೆಟೊ, ಮೆಣಸಿನಕಾಯಿಗಳನ್ನು ಮಕ್ಕಳ ಕೈಯಿಂದ ಕೀಳಿಸಿ, "ನೋಡು, ತರಕಾರಿ ಜಮೀನಿನಲ್ಲಿ ಬೆಳೆಯುತ್ತದೆ, ಸೂಪರ್ ಮಾರ್ಕೆಟ್ಟಿನಲ್ಲಲ್ಲ" ಎಂದು ತೋರಿಸುವುದು ತಾಯ್ತಂದೆಯರ ಜ್ಞಾನದಾಸೋಹ. ಆ ಸಲ ಮೆಣಸಿನಕಾಯಿ ಕಿತ್ತ ಕೈಯಲ್ಲೇ ಒಬ್ಬ ಪುಟ್ಟ ಹುಡುಗಿ ಕಣ್ಣುಜ್ಜಿಕೊಂಡು ಅತ್ತಳು. ಗದಗಿನ ನೆಲದವನಾದ ನನಗೆ ಮೆಣಸಿನಕಾಯಿಯೊಡನೆ ಹುಟ್ಟುಬಂಧುತ್ವವಿರುವುದರಿಂದ, ಅವಳಿಗಿಂತ ಮುಂಚಿನಿಂದ ಮೆಣಸಿನಕಾಯಿ ಕೀಳುತ್ತಿದ್ದ ನನ್ನ ಕೈಗಳಿಂದಲೇ ಅವಳ ಕಣ್ಣೀರೊರೆಸಲು ಧಾವಿಸಿದೆ. ಅಳು ಇಮ್ಮಡಿಯಾಯಿತು. ಗಾಬರಿಯಲ್ಲಿ ನನ್ನ ಹಣೆಯ ಬೆವರೊರೆಸಿಕೊಂಡೆ, ಬೆವರು ಕಣ್ಣಿಗಿಳಿಯಿತು, ಕಣ್ಣನ್ನೂ ಒರೆಸಿಕೊಂಡೆ. ಆಮೇಲೆ ನೀರಿನ ತೊಟ್ಟಿಯ ಬಳಿ ಆ ಹುಡುಗಿಯೂ ನಾನೂ ಅಕ್ಕಪಕ್ಕ ಕೂತು ಕಣ್ಣಿಗೆ ನೀರೆರಚಿಕೊಳ್ಳುತ್ತಿದ್ದ ದೃಶ್ಯವನ್ನು ಬಹಳ ಜನ ಫೋಟೋ ತೆಗೆದುಕೊಂಡರು. ಮರಳುವಾಗ ಬಸ್ಸಿನ ಹಿಂದಿನ ಸೀಟುಗಳಲ್ಲಿ ನಡೆದ ತಾಯಂದಿರ ಸಭೆಯಲ್ಲಿ, ಮಕ್ಕಳಿಗೆ ಕಣ್ಣಿನ ಬಗ್ಗೆ ಒಂದು ಪಾಠವಾಗಲೇಬೇಕೆಂದೂ, ಅದನ್ನು ಅನುಭವಸ್ಥರಿಂದಲೇ ಮಾಡಿಸಬೇಕೆಂದೂ ಸರ್ವಾನುಮತದ ತೀರ್ಮಾನವಾಯಿತು.

ನನಗೆ ಇನ್ನೂ ಒಂದೆರಡು ಅರ್ಹತೆಗಳಿದ್ದವೆನ್ನಿ. ಕಾರ್ಖಾನೆಯೊಂದರಲ್ಲಿ ಒತ್ತಡ, ಉಷ್ಣತೆ ತೋರಿಸುವ ಮೀಟರುಗಳ ಮುಳ್ಳು ಸತ್ಯ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ ಎಂದು ತಪಾಸಣೆ ಮಾಡುವುದು ನನ್ನ ಉದ್ಯೋಗ; ರಕ್ಷಣೆಯ ಕನ್ನಡಕವಿಲ್ಲದೆ ನಾವು ಅಲ್ಲಿ ಒಳಗೆ ಕಾಲಿಡುವಂತಿಲ್ಲ. ಜೊತೆಗೆ ಪ್ರತಿ ಶುಕ್ರವಾರ ಬೆಳಿಗ್ಗೆ, ಜುಮ್ಮಾ ನಮಾಜಿಗೆ ಹೋಗುವವರಿಗೆ ತಡವಾಗದಂತೆ, ರಿಗ್ಗೈಯ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಗಿರಿಜಾ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದಳು. ಬಿಜಾಪುರ, ಬಾಗಲಕೋಟೆಯ ಇಂಜಿನಿಯರುಗಳ ಮಕ್ಕಳು, ಮಂಗಳೂರು ಕಡೆಯ ಬ್ಯಾರಿ ವ್ಯಾಪಾರಿಗಳ ಮಕ್ಕಳು, ಎಲ್ಲರೂ ಚಾಪೆಯ ಮೇಲೆ ಕೂತು ಕನ್ನಡವನ್ನು ಕಿವಿಯಿಂದ ಒಳಗೆ ಬಿಟ್ಟುಕೊಂಡು ಇಂಗ್ಲಿಷಿನಲ್ಲಿ ಹೊರಗೆ ಬಿಡುತ್ತಿದ್ದರು. ಅಲ್ಲಿ ನನಗೆ ಅದುವರೆಗೆ ಇದ್ದ ಹುದ್ದೆ ಚಾಪೆ ಹಾಸುವುದು ಮತ್ತು ಸುತ್ತುವುದು.

ಪಾಠದ ದಿನ ಬಂತು. ಕಣ್ಣೆಂದರೆ ಒಂದು ಕ್ಯಾಮೆರಾ ಇದ್ದಂತೆ ಎಂದು ಆರಂಭಿಸಿದೆ. ಎಷ್ಟು ಮೆಗಾಪಿಕ್ಸೆಲ್ ಎಂದು ಮೊದಲ ಪ್ರಶ್ನೆ ಬಂತು. ರೆಪ್ಪೆ ಬಾಗಿಲು, ಕಣ್ಣೀರು ತೊಳೆಯುವ ನೀರು, ಕಪ್ಪು ಗೊಂಬೆ ಬೆಳಕು ಒಳಬರುವ ಕಿಂಡಿ ಎಂದೆ. ದೀಪ ಆರಿಸಿ, ಮತ್ತೆ ಹಚ್ಚಿ, ಒಬ್ಬರ ಕಣ್ಣಿನ ಗೊಂಬೆ ಕಿರಿದಾಗುವುದನ್ನು ಇನ್ನೊಬ್ಬರು ನೋಡುವಂತೆ ಮಾಡಿದಾಗ ಹಾಲಿನಲ್ಲಿ ನಿಜವಾದ ಸಂಭ್ರಮವಾಯಿತು. ಕಣ್ಣಿಗೆ ಕಸ ಬಿದ್ದರೆ ಉಜ್ಜಬಾರದು, ತೊಳೆಯಬೇಕು; ಬಾಣ, ಕಡ್ಡಿ, ಲೇಸರ್ ಟಾರ್ಚು ಕಣ್ಣಿನತ್ತ ಹಿಡಿಯಬಾರದು; ಸೂರ್ಯನನ್ನು ದಿಟ್ಟಿಸಬಾರದು; ಧೂಳೆದ್ದ ದಿನ ಹೊರಗೆ ಆಡಬಾರದು ಎಂದೆಲ್ಲ ಹೇಳಿದೆ. ಅಮ್ಮಂದಿರು ಬಾಯಿಂದ ಊದಿ ಕಸ ತೆಗೆಯುವುದೂ ತಪ್ಪು ಎಂದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾಯಂದಿರ ಮುಖ ಬಿಗಿಯಿತು. ಸುರುಮ ಬೇಡ, ಕಾಡಿಗೆ ಬೇಡ ಎಂದಾಗ ಅವರಲ್ಲಿ ಕೆಲವರು ಚಹಾದ ತಟ್ಟೆಯನ್ನು ನನ್ನ ಮುಂದಿನಿಂದ ದಾಟಿಸಿಕೊಂಡು ಹೋದರು.

ಸಿಕ್ಕಿಬಿದ್ದದ್ದು ಬೇರೆಡೆ. ನಮ್ಮ ಕನ್ನಡ ಕಣ್ಣಿನ ವಿಷಯದಲ್ಲಿ ಎಷ್ಟು ನಿರ್ದಯವಾದ ಭಾಷೆಯೆಂದು ನಿಮಗೆಂದಾದರೂ ಅನ್ನಿಸಿದೆಯೇ? ಗಿರಿಜಾಳ ಪಾಠಗಳಲ್ಲಿ ಮಕ್ಕಳು ಕಲಿತ ನುಡಿಗಟ್ಟುಗಳನ್ನು ಒಂದೊಂದಾಗಿ ತೆಗೆದು ನನ್ನ ಮುಂದಿಟ್ಟರು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದು ಸರಿಯೇ? ಕಣ್ಣಿಗೆ ಮಣ್ಣೆರಚಿದರೆ ಯಾವ ನೀರಿನಿಂದ ತೊಳೆಯಬೇಕು? ಕಣ್ಣು ಕೆಂಪಗೆ ಮಾಡುವವರಿಗೆ ಯಾವ ಔಷಧಿ? ಕಣ್ಣಿಗೆ ಬಟ್ಟೆ ಕಟ್ಟಿದರೆ, ಕಣ್ಣು ಕುಕ್ಕಿದರೆ, ಕಣ್ಣಲ್ಲಿ ರಕ್ತ ಬಂದರೆ? ಕಾರ್ಖಾನೆಯ ಸುರಕ್ಷತಾ ಅಧಿಕಾರಿಯೇನಾದರೂ ನಮ್ಮ ಭಾಷೆಯನ್ನು ತಪಾಸಣೆ ಮಾಡಿದ್ದರೆ ಅಂದೇ ಬೀಗ ಜಡಿಯುತ್ತಿದ್ದ. ನಾನು ಗಡಿಯಾರ ನೋಡಿ, ಇವೆಲ್ಲ ಕಣ್ಣಿಗೆ ಕೆಟ್ಟದ್ದೇ, ಉಳಿದದ್ದು ಮುಂದಿನ ವಾರ ಎಂದು ತಪ್ಪಿಸಿಕೊಂಡೆ.

ಮುಂದಿನ ವಾರಕ್ಕೆ ನಾನೊಂದು ಘನಂದಾರಿ ಯೋಜನೆ ಮಾಡಿಕೊಂಡೆ. ಮಕ್ಕಳ ದೃಷ್ಟಿಯನ್ನು ಪರೀಕ್ಷಿಸುವ ಫಲಕವೊಂದನ್ನು ನಾನೇ ಬರೆದರೆ ಹೇಗೆ? ಇಂಗ್ಲಿಷ್ ಅಕ್ಷರದ ಫಲಕ ಎಲ್ಲ ಕಡೆಯೂ ಇದೆ. ಕನ್ನಡದಲ್ಲಿ ಬರೆದರೆ ದೃಷ್ಟಿಯೂ ಪರೀಕ್ಷೆಯಾಯಿತು, ಅಕ್ಷರವೂ ಅಭ್ಯಾಸವಾಯಿತು. ನಮ್ಮ ಬೀದಿಯ ಬಕಾಲಾ, ಅಂದರೆ ಕಿರಾಣಿ ಅಂಗಡಿಯವನು ಕೊಟ್ಟ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ಹಿಂಬದಿಗೆ ತಿರುಗಿಸಿ, ಮೇಲೆ ಹಲಗೆಯಷ್ಟು ದೊಡ್ಡದಾಗಿ ಒಂದು "ಅ", ಅದರ ಕೆಳಗೆ ಕ್ರಮೇಣ ಕಿರಿದಾಗುವ ಸಾಲುಗಳು, ಕಟ್ಟಕಡೆಗೆ ಇರುವೆಯ ಸಾಲಿನಂಥ "ಘ ಛ ಠ ಢ". ನನ್ನ ಕೈಬರಹಕ್ಕೆ ನಾನೇ ಮನಸೋತೆ.

ಪರೀಕ್ಷೆಯಲ್ಲಿ ಆದ ಅನಾಹುತವನ್ನು ಏನೆಂದು ಹೇಳಲಿ! ಒಬ್ಬೊಬ್ಬರೇ ಬಂದು, ಗೆರೆಯ ಹಿಂದೆ ನಿಂತು, ಒಂದು ಕಣ್ಣು ಮುಚ್ಚಿ ನೋಡಿದರು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಮುಕ್ಕಾಲುಪಾಲು ಮಕ್ಕಳು "ಐ ಡೋಂಟ್ ನೋ ಅಂಕಲ್" ಎಂದರು. ನಾನು ಗಂಭೀರವಾಗಿ ಪ್ರತಿಯೊಬ್ಬರ ಹೆಸರಿನ ಮುಂದೆ "ಕಾಣುವುದಿಲ್ಲ" ಎಂದು ಬರೆದುಕೊಂಡು, ಸಂಜೆ ಮನೆಮನೆಗೆ ಫೋನು ಮಾಡಿ ದುಃಖದ ಸುದ್ದಿ ತಿಳಿಸಿದೆ. ಆ ವಾರ ಪಕ್ಕದ ಫರ್ವಾನಿಯಾದ ಕನ್ನಡಕದ ಅಂಗಡಿಗಳ ಮುಂದೆ ರಿಗ್ಗೈಯ ಕನ್ನಡಿಗರ ಸಾಲು ನಿಂತಿತು. ಎಲ್ಲ ಮಕ್ಕಳ ಕಣ್ಣೂ ನಿರ್ಮಲವಾಗಿದ್ದವು. ನನ್ನ ಮಿತ್ರ, ಬಿಜಾಪುರದ ಪಾಟೀಲ, ಫೋನಿನಲ್ಲಿ ಗುಡುಗಿದ. "ಸಾಹೇಬ್ರ, ನಮ್ಮ ಹುಡುಗನ ಕಣ್ಣು ಛಲೋ ಅದಾವ್ರಿ. ಅವಗ ಕನ್ನಡ ಒಂದ ಕಾಣವಲ್ದು!"

ನನ್ನ ಮಾನ ಉಳಿಸಿದ್ದು ಒಬ್ಬಳೇ ಒಬ್ಬಳು, ಶಿಫಾ. ವಫ್ರಾದ ನೀರಿನ ತೊಟ್ಟಿಯ ಬಳಿ ನನ್ನ ಜೊತೆ ಕೂತು ಅತ್ತವಳು ಅವಳೇ. ಎರಡನೆಯ ತರಗತಿಯ ಹುಡುಗಿ. ಮುಂದಿನ ಹಲ್ಲು ಬಿದ್ದಿತ್ತು, ಮಾತು ಮಾತ್ರ ಬಿದ್ದಿರಲಿಲ್ಲ. ಉಪ್ಪಿನಂಗಡಿ ಕಡೆಯವನಾದ ಅವಳ ತಂದೆ ಅಬ್ಬಾಸ್ ಫರ್ವಾನಿಯಾದಲ್ಲಿ ಸಿದ್ಧ ಉಡುಪಿನ ಅಂಗಡಿ ನಡೆಸುತ್ತಿದ್ದ. ಪರೀಕ್ಷೆಯ ದಿನ ಸರತಿಯ ಕೊನೆಯಲ್ಲಿ ನಿಂತಿದ್ದ ಶಿಫಾ ಬಲಗಣ್ಣಿನಲ್ಲಿ ಒಮ್ಮೆ, ಎಡಗಣ್ಣಿನಲ್ಲಿ ಒಮ್ಮೆ, ಮೇಲಿನ "ಅ"ದಿಂದ ಕೆಳಗಿನ "ಢ"ದವರೆಗೆ ಉಸಿರು ಬಿಡದೆ ಓದಿಬಿಟ್ಟಳು. "ಹದ್ದಿನ ಕಣ್ಣು!" ಎಂದು ಉದ್ಗರಿಸಿ ಅವಳಿಗೆ ಬಣ್ಣದ ಪೆನ್ಸಿಲಿನ ಡಬ್ಬಿ ಬಹುಮಾನ ಕೊಟ್ಟು, ಅಬ್ಬಾಸನಿಗೂ ಫೋನು ಮಾಡಿ ಹೊಗಳಿದೆ. ಉಳಿದವರಿಗೆ ಕನ್ನಡ ಬಾರದಿದ್ದರೆ ಅದು ನನ್ನ ಫಲಕದ ತಪ್ಪೇ?

ಕೆಲವು ವಾರಗಳ ನಂತರ ನಮ್ಮ ಕನ್ನಡ ತರಗತಿ ನೋಡಲು ಕನ್ನಡ ಬಳಗದ ಹಿರಿಯರು, ಅವರ ಹಿಂದೆ ತಾಯ್ತಂದೆಯರು ಬಂದರು. ಹೋದ ಮಾನವನ್ನು ಮರಳಿ ತರುವ ಸುಸಂಧಿಯೆಂದು ನಾನು ಫಲಕವನ್ನು ಮತ್ತೆ ಮೊಳೆಗೆ ತೂಗುಹಾಕಿ ಶಿಫಾಳನ್ನು ಕರೆದೆ. ಅವಳು ಗೆರೆಯ ಹಿಂದೆ ನಿಂತು, ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡಳು. ಅಷ್ಟರಲ್ಲಿ ಏಸಿಯ ಗಾಳಿಗೆ ಹಾಳೆ ಪಟಪಟನೆ ಬಡಿದು ತಿರುಗಿಕೊಂಡಿತು. ಗೋಡೆಯ ಮೇಲೀಗ ಅಕ್ಷರಗಳಿಲ್ಲ. ಬಕಾಲಾದವನ ಕ್ಯಾಲೆಂಡರಿನ ಒಂಟೆ, ಮರಳದಿಬ್ಬದ ಮೇಲೆ ನಿಂತು ಸಭೆಯನ್ನು ನೋಡುತ್ತಿತ್ತು. ಶಿಫಾ ಗಂಟಲು ಸರಿಮಾಡಿಕೊಂಡು, ಆ ಒಂಟೆಯತ್ತ ಮುಖವೆತ್ತಿ, "ಅ" ಎಂದು ಶುರುಮಾಡಿ, ಒಂದಕ್ಷರವೂ ತಪ್ಪದೆ "ಘ ಛ ಠ ಢ"ದವರೆಗೆ ಓದಿ ಮುಗಿಸಿದಳು.

ಹಾಲಿಗೆ ಹಾಲೇ ಬಿದ್ದುಬಿದ್ದು ನಕ್ಕಿತು. ಹಿರಿಯರು ಕಣ್ಣೊರೆಸಿಕೊಂಡರು. ನಾನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನಗದಿದ್ದವಳು ಗಿರಿಜಾ ಒಬ್ಬಳೇ.

"ಏನ್ ನಗ್ತೀರಿ?" ಎಂದಳು, ನನ್ನ ತೋಳು ಹಿಡಿದು. "ಹಾಳಿ ತಿರುಗಿದ್ದು ಆ ಕೂಸಿಗೆ ಗೊತ್ತ ಆಗಿಲ್ಲ. ಅಷ್ಟ ದೊಡ್ಡ ಒಂಟಿ ಕಾಣವಲ್ದು ಅಕಿಗೆ!"

ನಾನು ಗೋಡೆಯ ಒಂಟೆಯತ್ತ ತಿರುಗಿ ನೋಡಿದೆ. ನಮ್ಮ ವೃತ್ತಿಯಲ್ಲಿ ಒಂದು ಮಾತಿದೆ. ಒತ್ತಡ ತೆಗೆದ ಮೇಲೂ ಮುಳ್ಳು ಅದೇ ಅಂಕಿಯ ಮೇಲೆ ನಿಂತಿದ್ದರೆ ಆ ಮೀಟರು ಅಳೆಯುತ್ತಿಲ್ಲ, ಅಂಟಿಕೊಂಡಿದೆ ಎಂದರ್ಥ. ದಿನಕ್ಕೆ ಹಲವು ಬಾರಿ ಈ ಮಾತು ಹೇಳುವ ನಾನು ಒಂದು ಮಗುವಿನ ಅಂಟಿಕೊಂಡ ಮುಳ್ಳನ್ನು ನೋಡಿ ಬಹುಮಾನ ಕೊಟ್ಟಿದ್ದೆ. ಮೊದಲ ಪರೀಕ್ಷೆಯ ದಿನ ಪ್ರತಿ ಮಗು ತಡವರಿಸಿದಾಗಲೂ ನಾನು ಮೇಷ್ಟರ ಗತ್ತಿನಲ್ಲಿ "ಅದು ಛ, ಇದು ಠ" ಎಂದು ಗಟ್ಟಿಯಾಗಿ ತಿದ್ದಿದ್ದೆನಲ್ಲ. ಸರತಿಯ ಕೊನೆಯಲ್ಲಿದ್ದ ಅವಳು ಅದೆಲ್ಲವನ್ನೂ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಳು. ಮೋಸ ಮಾಡಬೇಕೆಂದಲ್ಲ. ಇಲ್ಲಿಯ ಶಾಲೆಗಳಲ್ಲಿ, ಟ್ಯೂಷನ್ನುಗಳಲ್ಲಿ ಪರೀಕ್ಷೆಯೆಂದರೆ ಬಾಯಿಪಾಠವೆಂದೇ ನಮ್ಮ ಮಕ್ಕಳೆಲ್ಲ ತಿಳಿದಿದ್ದಾರೆ. ಕಣ್ಣಿನ ಪರೀಕ್ಷೆಯೂ ಪರೀಕ್ಷೆಯೇ ಅಲ್ಲವೇ?

ಜನವೆಲ್ಲ ಚಹಾದ ಕಡೆಗೆ ಹೋದ ಮೇಲೆ ಗಿರಿಜಾ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಡಗಣ್ಣಿನಿಂದ ಏನು ಕಾಣುತ್ತದೆಂದು ಮೆಲ್ಲಗೆ ಕೇಳಿದಳು. ಶಿಫಾ ನಮ್ಮ ಅಜ್ಞಾನಕ್ಕೆ ಮರುಗಿದವಳಂತೆ ವಿವರಿಸಿದಳು. "ಆಂಟಿ, ದಿಸ್ ಐ ಈಸ್ ನಾಟ್ ಫಾರ್ ರೀಡಿಂಗ್. ರೈಟ್ ಹ್ಯಾಂಡ್ ಊಟಕ್ಕೆ. ರೈಟ್ ಲೆಗ್ ಫಸ್ಟ್ ಮನೆ ಒಳಗೆ. ರೈಟ್ ಐ ಓದ್ಲಿಕ್ಕೆ. ಲೆಫ್ಟ್ ಸುಮ್ಮನೆ ಇರುದು."

ನೋಡಿ, ಎಂಥ ಅಖಂಡ ತರ್ಕ! ಅವಳ ಮನೆಯಲ್ಲೂ ನಮ್ಮ ಮನೆಯಲ್ಲೂ ಮಗು ತಟ್ಟೆಯ ಮುಂದೆ ಕೂತ ದಿನದಿಂದ ಬಲಗೈ, ಬಲಗಾಲು ಎಂದು ತಿದ್ದುತ್ತಲೇ ಬರುತ್ತೇವೆ. ಹಾಗೆ ಬೆಳೆದ ಮಗು ಕಣ್ಣಿಗೂ ಅದೇ ನಿಯಮವೆಂದುಕೊಂಡಿತು. ಒಂದು ಕಣ್ಣು ಮಸುಕಾಗಿರುವುದು ಎಲ್ಲರಿಗೂ ಇರುವ ಏರ್ಪಾಡೆಂದೇ ಅವಳು ನಂಬಿದ್ದಳು, ಆದ್ದರಿಂದ ಯಾರಿಗೂ ಹೇಳಿರಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅಂದೇ ಅಬ್ಬಾಸನಿಗೆ ಹೇಳಿದೆ. ಅವನು ನಂಬಲಿಲ್ಲ, ನಂಬುವುದಾದರೂ ಹೇಗೆ? "ಎಂತ ಸರ್ ನೀವು? ಕಣ್ಣು ಕಾಣುವ ಮಕ್ಕಳಿಗೆಲ್ಲ ಕಾಣುವುದಿಲ್ಲ ಅಂತ ಹೇಳಿದ್ರಿ. ನಮ್ಮ ಶಿಫಾಗೆ ಹದ್ದಿನ ಕಣ್ಣು ಅಂತ ಹೇಳಿದ್ರಿ. ಈಗ ಅವಳಿಗೂ ಇಲ್ಲ ಅಂತೀರಿ!" ಎಂದು ನಕ್ಕುಬಿಟ್ಟ. ನಾನು ಪಟ್ಟು ಬಿಡದಿದ್ದಾಗ, ಮೊದಲ ಪರೀಕ್ಷೆಯ ಗಲಾಟೆ ಕೇಳಿ ಊರಿನಲ್ಲಿದ್ದ ಅವನ ತಾಯಿ ಎಳೆಯ ಹುಡುಗಿಗೆ ಕನ್ನಡಕ ಹಾಕಿಸಬಾರದೆಂದು ಫೋನಿನಲ್ಲಿ ಹೇಳಿದ್ದನ್ನೂ ಒಪ್ಪಿಸಿ, ಕಡೆಯದಾಗಿ ನಮ್ಮೆಲ್ಲರ ಆ ಮಹಾವಾಕ್ಯವನ್ನು ಹೇಳಿದ. "ಊರಿಗೆ ಹೋದಾಗ ತೋರಿಸುವ ಸರ್."

ಈ ವಾಕ್ಯದ ಮಹಿಮೆ ಕೊಲ್ಲಿಯಲ್ಲಿ ಬದುಕಿದವರಿಗೆ ಮಾತ್ರ ಗೊತ್ತು. ಹಲ್ಲು ನೋಯುತ್ತದೆಯೇ? ಊರಿಗೆ ಹೋದಾಗ. ಮೊಣಕಾಲು ಕಟಕಟ ಎನ್ನುತ್ತದೆಯೇ? ಊರಿಗೆ ಹೋದಾಗ. ಇಲ್ಲಿರುವ ನಮ್ಮ ದೇಹವೆಲ್ಲ ಒಂದು ಪ್ರತೀಕ್ಷಾಲಯ. ರೋಗಗಳು ಟಿಕೆಟ್ಟು ಹಿಡಿದುಕೊಂಡು ರಜೆಗಾಗಿ ಕಾಯುತ್ತಿರುತ್ತವೆ. ಎಷ್ಟೋ ಜನ ವಿಮಾನದಿಂದ ಇಳಿದವರೇ ನೆಂಟರ ಮನೆಗೆ ಹೋಗುವ ಮೊದಲು ಆಸ್ಪತ್ರೆಗಳ ಪ್ರದಕ್ಷಿಣೆ ಮಾಡಿ ಬರುತ್ತಾರೆ. ನಾನೂ ಅದೇ ಪಂಥದವನೇ. ಆದರೆ ಅಬ್ಬಾಸನ ಆ ವರ್ಷದ ರಜೆ ಆಗಲೇ ಮುಗಿದಿತ್ತು, ಮುಂದಿನದು ಯಾವಾಗಲೋ. "ಕಣ್ಣಿಗೆ ರಜಾ-ಗಿಜಾ ಗೊತ್ತಾಗೂದಿಲ್ಲ ಅಬ್ಬಾಸ್. ಅದು ಊರಿಗೆ ಹೋಗೂತನಕಾ ಕಾಯೂದಿಲ್ಲ" ಎಂದೆ, ನನ್ನ ಕನ್ನಡಕ ಒರೆಸಿಕೊಳ್ಳುತ್ತ. ಪಕ್ಕದಲ್ಲಿ ಶಿಫಾ ಬಿಸ್ಕತ್ತು ತಿನ್ನುತ್ತ ಕೇಳಿಸಿಕೊಳ್ಳುತ್ತಿದ್ದಳು.

ಮಾತಿಗೆ ಜಗ್ಗದವನನ್ನು ಕಣ್ಣಿಂದಲೇ ಒಪ್ಪಿಸಬೇಕೆಂದು ಮಾರನೆಯ ಸಂಜೆ ನಾನೂ ಗಿರಿಜಾಳೂ ಅವನ ಅಂಗಡಿಗೆ ಹೋದೆವು. ಶಿಫಾ, ಅವಳ ತಾಯಿ ಝುಬೈದಾ ಇಬ್ಬರೂ ಅಲ್ಲಿದ್ದರು. ಒಂದು ಆಟ ಆಡೋಣವೆಂದು ಶಿಫಾಳನ್ನು ಅಂಗಡಿಯ ಹಿಂದುಗಡೆ ನಿಲ್ಲಿಸಿ, ಬಲಗಣ್ಣನ್ನು ಅವಳ ಅಂಗೈಯಿಂದಲೇ ಮುಚ್ಚಿಸಿದೆ. ಅಬ್ಬಾಸನಿಗೆ ಮಾತಾಡದೆ ಬಾಗಿಲ ಬಳಿ ಹೋಗಿ ನಿಲ್ಲಲು ಸನ್ನೆ ಮಾಡಿದೆ. ಅವನು ನಗುತ್ತಲೇ ಹೋಗಿ ನಿಂತ. ಬಾಗಿಲ ಇನ್ನೊಂದು ಪಕ್ಕದಲ್ಲಿ, ಅವನಂತೆಯೇ ಬಿಳಿ ಅಂಗಿ ತೊಟ್ಟ ಪ್ಲಾಸ್ಟಿಕ್ಕಿನ ಗೊಂಬೆ ನಿಂತಿತ್ತು.

"ಉಪ್ಪ ಎಲ್ಲಿ, ತೋರಿಸು" ಎಂದೆ, ಅವಳು ತಂದೆಯನ್ನು ಕರೆಯುವ ಹಾಗೆಯೇ.

ಶಿಫಾ ಕತ್ತು ಚಾಚಿ, ಸ್ವಲ್ಪ ಹೊತ್ತು ನೋಡಿ, "ಸೋ ಈಸಿ!" ಎಂದು ಖುಷಿಯಿಂದ ಬೆರಳು ಮಾಡಿದಳು, ಗೊಂಬೆಯ ಕಡೆಗೆ.

ಅಂಗೈ ತೆಗೆದ ಮೇಲೆ ಅವಳಿಗೆ ತನ್ನ ತಪ್ಪು ಕಂಡು ಜೋರು ನಗು ಬಂತು. ಅಬ್ಬಾಸ್ ನಗಲಿಲ್ಲ. ಒಂದು ಗಳಿಗೆ ಆ ಗೊಂಬೆಯನ್ನೂ ಮಗಳನ್ನೂ ನೋಡಿದ. ಅವನ ಮುಖ ಬಿಳಚಿಕೊಂಡಿತು. ಝುಬೈದಾ ಮಗಳನ್ನು ಬರಸೆಳೆದು ಅಪ್ಪಿಕೊಂಡರು. ಆಮೇಲೆ ಅಬ್ಬಾಸ್, ಅಂಗಡಿಯೊಳಗೆ ಅಂಗಿಯ ಅಳತೆ ನೋಡುತ್ತಿದ್ದ ಗಿರಾಕಿಗೆ "ಖಲಾಸ್ ಭಾಯಿ, ಕಲ್ ಆವೋ" ಎಂದು ಹೇಳಿ ಕಳಿಸಿ, ಶಟರಿನ ಸರಳಿಗೆ ಕೈ ಹಾಕಿದ.

"ಯಲ್ಲಾ ಸರ್, ಈಗಲೇ ಹೋಗುವ" ಎಂದ.

ಕಣ್ಣಿನ ಆಸ್ಪತ್ರೆಯಲ್ಲಿ ಶಿಫಾಳನ್ನು ಪರೀಕ್ಷಿಸಿದ ವೈದ್ಯೆ ನಿಧಾನವಾಗಿ ತಿಳಿಸಿ ಹೇಳಿದರು. ಕಣ್ಣಿನಲ್ಲಿ ರೋಗವೇನಿಲ್ಲ, ಎರಡು ಕಣ್ಣುಗಳ ಶಕ್ತಿಯಲ್ಲಿ ಬಹಳ ವ್ಯತ್ಯಾಸವಿದೆ. ಸ್ಪಷ್ಟವಾಗಿ ಹೇಳುವ ಕಣ್ಣಿನ ಮಾತನ್ನೇ ಕೇಳುತ್ತ ಕೇಳುತ್ತ ಮೆದುಳು ಇನ್ನೊಂದರ ಮಾತು ಕೇಳುವುದನ್ನೇ ಬಿಟ್ಟಿದೆ. ಎಳೆಯ ವಯಸ್ಸಾದ್ದರಿಂದ ಆ ಕಣ್ಣನ್ನು ಇನ್ನೂ ಎಬ್ಬಿಸಬಹುದು; ಬೆಳೆದ ಮೇಲೆ ಎಬ್ಬಿಸುವುದು ಕಷ್ಟ. ಚಿಕಿತ್ಸೆಯೆಂದರೆ ಕನ್ನಡಕ, ಮತ್ತು ದಿನಕ್ಕೆ ಕೆಲವು ಗಂಟೆ ಒಳ್ಳೆಯ ಕಣ್ಣಿಗೇ ಪಟ್ಟಿ. ಕಾಣುವ ಕಣ್ಣನ್ನೇ ಮುಚ್ಚುವುದೆಂದರೆ ಅಬ್ಬಾಸನಿಗೆ ಅರಗಲಿಲ್ಲ; ಮನೆಗೆ ಬರುವ ದಾರಿಯುದ್ದಕ್ಕೂ ಕಾರಿನಲ್ಲಿ ಅದನ್ನೇ ಹೇಳಿಕೊಂಡ. ನನಗೋ, ಕಣ್ಣಿಗೆ ಬಟ್ಟೆ ಕಟ್ಟುವುದು ಕೆಟ್ಟದ್ದೆಂದು ಆ ಮಕ್ಕಳಿಗೆ ಹೇಳಿದ್ದ ಪಾಠವನ್ನು ಹೇಗೆ ಹಿಂತೆಗೆದುಕೊಳ್ಳುವುದೆಂಬ ಚಿಂತೆ.

ಮೊದಮೊದಲು ಪಟ್ಟಿ ಹಾಕಿದಾಗ ಶಿಫಾ ರಂಪ ಮಾಡಿದಳು. ಸುಮ್ಮನೆ ಕೂತು ಅಭ್ಯಾಸವಾಗಿದ್ದ ಎಡಗಣ್ಣಿಗೆ ಈಗ ಮನೆಗೆಲಸವೆಲ್ಲ ತನ್ನ ಮೇಲೆ ಬಿದ್ದಂತಾಗಿತ್ತು. ಶುಕ್ರವಾರದ ತರಗತಿಯಲ್ಲಿ ಪಾಟೀಲನ ಮಗ "ಪೈರೇಟ್" ಎಂದದ್ದಕ್ಕೆ ಅವಳು ಬಣ್ಣದ ಪೆನ್ಸಿಲಿನಿಂದ ಅವನ ಬೆನ್ನಿಗೆ ತಿವಿದಳು. ಕಣ್ಣಿಗೆ ತಿವಿಯಲಿಲ್ಲ, ಪಾಠ ನಾಟಿತ್ತು. ಗಿರಿಜಾ ಉಪಾಯಗಾತಿ. ಪ್ರತಿ ಶುಕ್ರವಾರ ಆ ಪಟ್ಟಿಯ ಮೇಲೆ ಮಾವಿನಕಾಯಿ, ಮೀನು, ಒಂಟೆ ಎಂದು ಒಂದೊಂದು ಚಿತ್ರ ಬರೆದು ಕೊಡತೊಡಗಿದಳು. ಸ್ವಲ್ಪ ದಿನಕ್ಕೆ ಕಣ್ಣು ಚೆನ್ನಾಗಿರುವ ಮಕ್ಕಳೆಲ್ಲ ತಮಗೂ ಪಟ್ಟಿ ಬೇಕೆಂದು ಹಟ ಹಿಡಿದರು. ತಿಂಗಳುಗಳು ಹೋದಂತೆ ಆ ಸೋಮಾರಿ ಕಣ್ಣು ಒಂದೊಂದೇ ಸಾಲು ಕೆಳಗಿಳಿದು ಓದತೊಡಗಿತು. ಪ್ರತಿ ಸಾಲಿಗೂ ಅಬ್ಬಾಸ್ ನಮ್ಮ ಮನೆಗೆ ಖರ್ಜೂರ ತಂದುಕೊಟ್ಟ.

ನಾನು ಮಾತ್ರ ಆ ದಿನಗಳಲ್ಲಿ ಬಾಯಿಪಾಠದ ಬಗ್ಗೆ ಬಹಳ ಯೋಚಿಸಿದೆ. ಗೊತ್ತಿದೆ ಎಂದಾದ ಕ್ಷಣ ನಾವು ನೋಡುವುದನ್ನು ನಿಲ್ಲಿಸುತ್ತೇವಲ್ಲವೇ? ದಿನಾ ಓಡಾಡುವ ಫರ್ವಾನಿಯಾದ ರಸ್ತೆ, ದಿನಾ ಎದುರಿಗಿರುವ ಹೆಂಡತಿಯ ಮುಖ, ಎಲ್ಲವನ್ನೂ ಕಣ್ಣು ಓದುವ ಮೊದಲೇ ನೆನಪು ಒಪ್ಪಿಸಿಬಿಡುತ್ತದೆ. ಈ ತತ್ತ್ವವನ್ನು ಗಿರಿಜಾಳಿಗೆ ಹೇಳಿದೆ. "ಹಂಗಿದ್ರ ಇವತ್ತ ನಾ ಯಾವ ಬಣ್ಣದ ಸೀರಿ ಉಟ್ಟೀನಿ, ನೋಡಲಾರದ ಹೇಳ್ರಿ" ಎಂದಳು. ತತ್ತ್ವವನ್ನು ಅಲ್ಲಿಗೇ ನಿಲ್ಲಿಸಿದೆ.

ಮರುವರ್ಷ ಮಕ್ಕಳ ಕಣ್ಣಿನ ಪಾಠ ಮತ್ತೆ ಬಂದಾಗ ಶಿಫಾ, ದಪ್ಪ ಗಾಜಿನ ಕನ್ನಡಕ, ಹೊಸದಾಗಿ ಮೂಡಿದ ಮುಂದಿನ ಹಲ್ಲು, ಎರಡರ ಠೀವಿಯಲ್ಲೂ ಬಂದು, ಪರೀಕ್ಷಕಿ ತಾನೇ ಎಂದು ಸಾರಿದಳು. ಫಲಕವನ್ನು ತಾನೇ ತೂಗುಹಾಕಿ, ಮೊದಲ ಪರೀಕ್ಷೆ ಅಂಕಲ್‌ಗೆ ಎಂದಳು. ಮಕ್ಕಳೆಲ್ಲ ಕೇಕೆ ಹಾಕಿದರು. ಮಗಳನ್ನು ಕರೆದೊಯ್ಯಲು ಬಂದಿದ್ದ ಅಬ್ಬಾಸ್ ಬಾಗಿಲಲ್ಲಿ ನಿಂತಿದ್ದ. ನಾನು ನಾಟಕೀಯವಾಗಿ ಕನ್ನಡಕವನ್ನು ಅಂಗಿಯ ಅಂಚಿಗೆ ಒರೆಸಿ ಏರಿಸಿಕೊಂಡು, ಗೆರೆಯ ಹಿಂದೆ ನಿಂತು, ಎಡಗಣ್ಣು ಮುಚ್ಚಿ, ಎದುರಿಗಿದ್ದ ಕಪ್ಪು ಸಾಲುಗಳನ್ನು ನನ್ನ ಗಂಭೀರ ಕಂಠದಲ್ಲಿ ಮೇಲಿನಿಂದ ಕೆಳಗಿನವರೆಗೆ ಓದಿ, "ಘ ಛ ಠ ಢ" ಎಂದು ಮುಗಿಸಿ, ಚಪ್ಪಾಳೆಗಾಗಿ ಕಾದೆ.

ಚಪ್ಪಾಳೆ ಬರಲಿಲ್ಲ. ಮಕ್ಕಳೆಲ್ಲ ಚಾಪೆಯ ಮೇಲೆ ಉರುಳಾಡಿ ನಗತೊಡಗಿದರು. ಶಿಫಾ ಸೊಂಟದ ಮೇಲೆ ಕೈಯಿಟ್ಟುಕೊಂಡಿದ್ದಳು.

"ಅಂಕಲ್, ಅದು ಲಾಸ್ಟ್ ಇಯರ್ದು. ಇದು ನಾನು ಬರೆದದ್ದು. ನ್ಯೂ ಚಾರ್ಟ್."

ಹತ್ತಿರ ಹೋಗಿ ನೋಡಿದೆ. ಸಾಲುಗಳು ಅಷ್ಟೇ, ಅಳತೆಯೂ ಅಷ್ಟೇ. ಆದರೆ ಒಂದೂ ನನ್ನ ಅಕ್ಷರವಲ್ಲ. ಮೇಲೆ "ಅ" ಇರಬೇಕಾದಲ್ಲಿ "ಶ" ಇತ್ತು, ಹಲಗೆಯಷ್ಟು ದೊಡ್ಡದು. ಗಿರಿಜಾ ಈ ಸಲವೂ ನಗಲಿಲ್ಲ.

"ಏ, ಅದು ಧೂಳು," ಎಂದೆ, ಮತ್ತೆ ಅಂಗಿಯ ಅಂಚಿಗೆ ಕೈ ಹಾಕುತ್ತ. "ಗಾಜಿನ ಮ್ಯಾಲಿಂದು. ಹಂಗೇನರ ಇದ್ರ ಊರಿಗೆ ಹೋದಾಗ ತೋರಸ್ತೀನಿ ಬಿಡು."

ಶಿಫಾ ತನ್ನ ಕನ್ನಡಕದ ಡಬ್ಬಿ ತೆರೆದು, ಮಡಿಸಿಟ್ಟಿದ್ದ ಆ ಮೃದುವಾದ ಪುಟ್ಟ ವಸ್ತ್ರವನ್ನು ತೆಗೆದು, ನನ್ನ ಮೂಗಿನ ಮೇಲಿಂದ ಕನ್ನಡಕವನ್ನು ಕಸಿದುಕೊಂಡು, ಎರಡೂ ಗಾಜುಗಳನ್ನು ಶ್ರದ್ಧೆಯಿಂದ ಒರೆಸಿ, ಮತ್ತೆ ನನಗೆ ಏರಿಸಿದಳು.

"ಈಗ ಧೂಳಿಲ್ಲ," ಎಂದಳು. "ಓದಿ."

ಒಂದು ಕಣ್ಣು ಮುಚ್ಚಿ ನೋಡಿದೆ. ಗಾಜು ನಿಜಕ್ಕೂ ಶುಭ್ರವಾಗಿತ್ತು. ಮಬ್ಬು ಹಾಗೇ ಇತ್ತು. ಇಷ್ಟು ದಿನ ನಾನು ಬೈದುಕೊಂಡಿದ್ದ ಮರುಭೂಮಿಗೆ ಇದರಲ್ಲಿ ಯಾವ ಪಾತ್ರವೂ ಇರಲಿಲ್ಲ. ಪೊರೆ ಬಂದದ್ದು ನನ್ನ ಕಣ್ಣಿಗೇ ಎಂದು ವೈದ್ಯೆ ಆಮೇಲೆ ಹೇಳಿದರು. ಆ ಕ್ಷಣದಲ್ಲಿ ಮಾತ್ರ ನಾನು ಹಿಡಿದುಕೊಂಡಿದ್ದ ಅಂಗಿಯ ಅಂಚನ್ನು ಕೈಬಿಟ್ಟೆ.

"ಅಂಕಲ್," ಎಂದಳು ಶಿಫಾ, ನನ್ನ ಕೈ ಹಿಡಿದು ಬಾಗಿಲ ಕಡೆಗೆ ಎಳೆಯುತ್ತ, "ಕಣ್ಣಿಗೆ ರಜೆ ಗೊತ್ತಾಗೋದಿಲ್ಲ. ನೀವೇ ಉಪ್ಪನಿಗೆ ಹೇಳಿದ್ದಲ್ವಾ?"

ಬಾಗಿಲಲ್ಲಿ ಅಬ್ಬಾಸ್ ಆಗಲೇ ಕಾರಿನ ಕೀಲಿ ಹಿಡಿದು ನಿಂತಿದ್ದ. "ಯಲ್ಲಾ ಸರ್," ಎಂದ, "ಗಾಡಿ ಕೆಳಗೆ ಉಂಟು."